ಪಾಟೀಸವಾಲು ಕಳ್ಳನಿಗೆ ಹಾಕೋ ಭಿಕ್ಷೆ ಅಲ್ಲ

"ಇಂಥವನಿಗೂ ಒಬ್ಬ ಲಾಯರ್ ಬೇಕಾ?"

ಯಾವುದಾದ್ರೂ ಭೀಕರ ಅಪರಾಧ ಟೀವಿಯಲ್ಲಿ ಬಂದ ಅರ್ಧ ಗಂಟೆಯೊಳಗೆ ಅಪಾರ್ಟ್‌ಮೆಂಟ್ ಗ್ರೂಪಲ್ಲಿ, ಆಫೀಸ್ ಗ್ರೂಪಲ್ಲಿ, ಕಾಲೇಜ್ ಬ್ಯಾಚಿನ ಗ್ರೂಪಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಅದರ ಹಿಂದೆಯೇ ಇನ್ನೊಂದಿಷ್ಟು. "ಸಾಕ್ಷಿ ಇದೆ, ವಿಡಿಯೋ ಇದೆ, ಅವನೇ ಒಪ್ಕೊಂಡಿದಾನೆ, ಇನ್ನೇನ್ರೀ ವಿಚಾರಣೆ?" ಆಮೇಲೆ ಒಂದು ಗುಂಡಿನ ಎಮೋಜಿ, ಅದಕ್ಕೆ ನಲವತ್ತು ಹೆಬ್ಬೆಟ್ಟು.

ಇದನ್ನ ಬರೆಯೋರು ಕೆಟ್ಟವರಲ್ಲ. ಸಿಗ್ನಲ್ ಹಾರಿಸದವರು, ಟ್ಯಾಕ್ಸ್ ಕಟ್ಟೋರು, ರಕ್ತದಾನಕ್ಕೆ ಮೊದಲು ಓಡೋರು. ಅವರ ಸಿಟ್ಟಿನ ಬಗ್ಗೆ ನನಗೆ ತಕರಾರಿಲ್ಲ. ಆ ಸಿಟ್ಟಿನಲ್ಲಿ ಅವರು ಏನನ್ನ ಕಿತ್ತು ಬಿಸಾಕೋಕೆ ಹೊರಟಿದ್ದಾರೋ ಅದರ ಬಗ್ಗೆ ಇದೆ. ಆರೋಪಿಯ ಪರವಾಗಿ ಒಬ್ಬರು ಎದ್ದು ನಿಂತು, ಸಾಕ್ಷಿಯ ಮುಖ ನೋಡಿ, "ನೀವು ಅದನ್ನ ಎಲ್ಲಿಂದ ನೋಡಿದ್ರಿ?" ಅಂತ ಕೇಳೋ ಹಕ್ಕು. ಅದನ್ನ ಅಪರಾಧಿಗೆ ನಾವು ದೊಡ್ಡ ಮನಸ್ಸು ಮಾಡಿ ಕೊಡ್ತಿರೋ ಸವಲತ್ತು ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿದ್ದಾರೆ. ಇಲ್ಲ ಸ್ವಾಮಿ. ಅದು ಇಲ್ಲದೇ ಹೋದರೆ ಅವನು ಅಪರಾಧಿ ಹೌದೋ ಅಲ್ಲವೋ ಅನ್ನೋದೇ ನಮಗೆ ಗೊತ್ತಾಗಲ್ಲ. ನಾನು ಹೇಳೋದು ಇಷ್ಟೇ. ಮಿಕ್ಕಿದ್ದೆಲ್ಲ ಯಾಕೆ ಹಾಗೆ ಅನ್ನೋ ವಿವರ.

ನಾನು ವಕೀಲನಲ್ಲ. ಬಿಇ ಮಾಡಿ ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದರೆ ಸುಪ್ರೀಂ ಕೋರ್ಟಿನ ತೀರ್ಪುಗಳು ಆನ್‌ಲೈನಲ್ಲಿ ಪುಕ್ಕಟೆ ಸಿಗ್ತವೆ. ನಮ್ಮ ಕೆಲವು ಡಿಸೈನ್ ಡಾಕ್ಯುಮೆಂಟ್‌ಗಿಂತ ಅವು ಎಷ್ಟೋ ಚೆನ್ನಾಗಿ ಅರ್ಥ ಆಗ್ತವೆ.

ಮೊದಲು ವಿಷಯ ಸರಿಯಾಗಿ ಇಟ್ಕೊಳ್ಳೋಣ. ಸಿನಿಮಾದಲ್ಲಿ ಪಾಟೀಸವಾಲು ಅಂದ್ರೆ ಕರಿಕೋಟಿನ ಹೀರೋ ಟೇಬಲ್ ಗುದ್ದೋದು, ಸಾಕ್ಷಿ ಬೆವರು ಒರೆಸ್ಕೊಂಡು ಸತ್ಯ ಕಕ್ಕೋದು. ನಿಜವಾದ ಕೋರ್ಟಲ್ಲಿ ಅದು ಬಹಳ ನೀರಸ. 1872ರ ಭಾರತೀಯ ಸಾಕ್ಷ್ಯ ಕಾಯ್ದೆ ಮೂರು ಹಂತ ಹೇಳಿತ್ತು. ಸಾಕ್ಷಿಯನ್ನು ಕರೆಸಿದವರು ಮೊದಲು ಪ್ರಶ್ನೆ ಕೇಳ್ತಾರೆ, ಅದು ಮುಖ್ಯ ವಿಚಾರಣೆ. ಆಮೇಲೆ ಎದುರು ಪಕ್ಷದವರು ಕೇಳ್ತಾರೆ, ಅದು ಪಾಟೀಸವಾಲು. ಅದರಿಂದ ಏನಾದ್ರೂ ಗೊಂದಲ ಹುಟ್ಟಿದ್ರೆ ಕರೆಸಿದವರು ಇನ್ನೊಮ್ಮೆ ಕೇಳಿ ಸ್ಪಷ್ಟ ಮಾಡ್ಕೋಬಹುದು. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಹೆಸರು ಬದಲಾಯ್ತು, ಕಲಂಗಳ ನಂಬರ್ ಬದಲಾಯ್ತು, ಈ ಮೂರು ಹಂತ ಹಾಗೇ ಉಳೀತು.

ಈ ಕಾನೂನು ಪಾಟೀಸವಾಲಿಗೆ ಎಷ್ಟು ಬೆಲೆ ಕೊಡುತ್ತೆ ನೋಡಿ. ಒಬ್ಬ ಸಾಕ್ಷಿ ಕೋರ್ಟಲ್ಲಿ ಹೇಳಿಕೆ ಕೊಟ್ಟು ಆಮೇಲೆ ತೀರಿಕೊಂಡ ಅಂತಿಟ್ಕೊಳ್ಳಿ. ಮುಂದೆ ಇನ್ನೊಂದು ವಿಚಾರಣೆಯಲ್ಲಿ ಆ ಹೇಳಿಕೆಯನ್ನ ಬಳಸಬೇಕಾದ್ರೆ ಒಂದು ಷರತ್ತು ಇದೆ. ಮೊದಲ ಸಲ ಎದುರು ಪಕ್ಷಕ್ಕೆ ಅವನನ್ನ ಪಾಟೀಸವಾಲು ಮಾಡೋ ಅವಕಾಶ ಇರಬೇಕಿತ್ತು. ಪೊಲೀಸರು ತನಿಖೆ ವೇಳೆ ಬರೆದುಕೊಳ್ಳೋ ಸಾಕ್ಷಿ ಹೇಳಿಕೆ ಇದೆಯಲ್ಲ, ಅದನ್ನೇ ಪುರಾವೆ ಅಂತ ಪ್ರಾಸಿಕ್ಯೂಷನ್ ಕೋರ್ಟಿನ ಮುಂದಿಡೋ ಹಾಗಿಲ್ಲ. ಸಾಕ್ಷಿ ಖುದ್ದು ಬಂದು ಹೇಳಬೇಕು. ಕಟಕಟೆಯಲ್ಲಿ ಬೇರೆ ಕಥೆ ಹೇಳಿದ್ರೆ "ಅವತ್ತು ಹಾಗಂದ್ರಿ, ಇವತ್ತು ಹೀಗಂತೀರಲ್ಲ" ಅಂತ ತೋರಿಸೋಕೆ ಮಾತ್ರ ಆ ಹಳೇ ಹೇಳಿಕೆ ಬಳಕೆಯಾಗುತ್ತೆ. ಇನ್ನು ಟೀವಿಯವರು ದಪ್ಪಕ್ಷರದಲ್ಲಿ ಹಾಕ್ತಾರಲ್ಲ, "ಪೊಲೀಸರ ಮುಂದೆ ತಪ್ಪೊಪ್ಪಿಗೆ" ಅಂತ? ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನ ಆರೋಪಿಯ ವಿರುದ್ಧ ರುಜುವಾತು ಮಾಡೋಕೇ ಬರಲ್ಲ. ಬ್ರಿಟಿಷರ ಕಾಲದಿಂದಲೂ ಹೀಗೇ ಇದೆ. ನಮ್ಮ ಪೊಲೀಸ್ ಸ್ಟೇಷನ್ನಿನೊಳಗೆ ಹೇಗೆ ತಪ್ಪು ಒಪ್ಪಿಸ್ತಾರೆ ಅನ್ನೋದು ಬ್ರಿಟಿಷರಿಗೂ ಗೊತ್ತಿತ್ತು, ನಮಗೂ ಗೊತ್ತು. ಟೀವಿ ನೋಡುವಾಗ ಮಾತ್ರ ಮರೆತುಬಿಡ್ತೀವಿ.

ಇಷ್ಟೆಲ್ಲ ಎಚ್ಚರ ಯಾಕೆ? ನಮ್ಮ ಕೆಲಸದಲ್ಲೇ ನೋಡಿ. ನಾನು ಬರೆದ ಕೋಡನ್ನ ನಾನೇ ಅಪ್ರೂವ್ ಮಾಡಿ ಪ್ರೊಡಕ್ಷನ್‌ಗೆ ಹಾಕೋಕೆ ಬಿಡಲ್ಲ. ಹದಿನೈದು ವರ್ಷ ಅನುಭವ ಇರೋ ಆರ್ಕಿಟೆಕ್ಟ್ ಬರೆದ್ರೂ ಬಿಡಲ್ಲ. ಅವರು ಸುಳ್ಳು ಹೇಳ್ತಾರೆ ಅಂತಲ್ಲ. ತಾನು ಬರೆದಿದ್ದರಲ್ಲಿರೋ ತಪ್ಪು ಬರೆದವನ ಕಣ್ಣಿಗೆ ಬೀಳಲ್ಲ, ಅಷ್ಟೇ. ಒಂದು ಪೇಮೆಂಟ್ ಬಟನ್‌ಗೆ ಇಷ್ಟು ಪರೀಕ್ಷೆ ಬೇಕು ಅನ್ನೋ ನಾವು, ಒಬ್ಬ ಮನುಷ್ಯನ ಕೊರಳಿಗೆ ಹಗ್ಗ ಹಾಕೋ ಮುಂಚೆ ಯಾವ ಪರೀಕ್ಷೆಯೂ ಬೇಡ ಅಂತೀವಿ.

ಈಗ ಒಂದು ಕೇಸಿಗೆ ಬರ್ತೀನಿ. 2013ರ ಜನವರಿ ಕೊನೆ. ದಿಲ್ಲಿಯ ನಿರ್ಭಯಾ ಪ್ರಕರಣ ಆಗಿ ಒಂದೂವರೆ ತಿಂಗಳಾಗಿತ್ತು, ದೇಶ ಕುದೀತಾ ಇತ್ತು. ಆಗ ಮಧ್ಯಪ್ರದೇಶದ ಖಂಡ್ವಾದಲ್ಲಿ ಒಂಬತ್ತು ವರ್ಷದ ಹೆಣ್ಣುಮಗುವಿನ ಮೇಲೆ ಅತ್ಯಾಚಾರ ಆಯ್ತು, ಕೊಲೆ ಆಯ್ತು. ಒಬ್ಬನನ್ನ ಹಿಡಿದರು. ಫೆಬ್ರವರಿ 19ರಂದು ಕೋರ್ಟು ಅವನಿಗೆ ಸರ್ಕಾರದ ಖರ್ಚಿನಲ್ಲಿ ಒಬ್ಬ ವಕೀಲರನ್ನು ಕೊಟ್ಟಿತು. ಅವತ್ತೇ ಆರೋಪಗಳನ್ನೂ ನಿಗದಿ ಮಾಡಿತು. ಮಾರ್ಚ್ 4ಕ್ಕೆ ತೀರ್ಪು, ಮರಣದಂಡನೆ. ಹದಿಮೂರು ದಿನ. ನಮ್ಮ ಒಂದು ಸ್ಪ್ರಿಂಟ್ ಕೂಡ ಅದಕ್ಕಿಂತ ಒಂದು ದಿನ ಜಾಸ್ತಿ.

ಅದೇ ವರ್ಷ ಹೈಕೋರ್ಟು ಗಲ್ಲನ್ನ ಎತ್ತಿಹಿಡೀತು. 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಕೇಸಿನ ಕಾಗದ ಓದೋಕೂ, ಕಕ್ಷಿದಾರನ ಜೊತೆ ಒಂದು ಮಾತಾಡೋಕೂ ಟೈಮ್ ಸಿಗದ ವಕೀಲ ಏನು ಪಾಟೀಸವಾಲು ಮಾಡ್ತಾನೆ? ಗಲ್ಲು ಅಥವಾ ಜೀವಾವಧಿ ಆಗಬಹುದಾದ ಕೇಸುಗಳಲ್ಲಿ ಹೀಗೆ ನೇಮಿಸೋ ವಕೀಲರಿಗೆ ಕನಿಷ್ಠ ಹತ್ತು ವರ್ಷದ ಅನುಭವ ಇರಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಅಂತ ಆ ತೀರ್ಪು ಹೇಳ್ತು. ಅನೋಖಿಲಾಲ್ ವರ್ಸಸ್ ಮಧ್ಯಪ್ರದೇಶ ಸರ್ಕಾರ ಅಂತ ಹುಡುಕಿದ್ರೆ ಸಿಗುತ್ತೆ.

ಕಥೆ ಅಲ್ಲಿಗೆ ಮುಗೀಲಿಲ್ಲ. ಹೊಸದಾಗಿ ವಿಚಾರಣೆ ಆಯ್ತು, 2022ರಲ್ಲಿ ಮತ್ತೆ ಗಲ್ಲು. 2023ರಲ್ಲಿ ಹೈಕೋರ್ಟ್ ಆ ತೀರ್ಪನ್ನೂ ಬದಿಗಿಟ್ಟಿತು. ಡಿಎನ್‌ಎ ವರದಿಯನ್ನ ಬರೀ ಕಾಗದದಲ್ಲಿ ನೋಡಿದ್ರೆ ಸಾಲದು, ಪರೀಕ್ಷೆ ಮಾಡಿದ ತಜ್ಞರನ್ನೇ ಕೋರ್ಟಿಗೆ ಕರೆಸಿ ವಿಚಾರಿಸಿ ಅಂತ ಕೇಸನ್ನ ವಾಪಸ್ ಕಳಿಸ್ತು. 2024ರ ಮಾರ್ಚ್‌ನಲ್ಲಿ ಖಂಡ್ವಾದ ಕೋರ್ಟೇ ಆ ಮನುಷ್ಯನನ್ನ ನಿರ್ದೋಷಿ ಅಂತ ಬಿಟ್ಟು ಕಳಿಸ್ತು. ಹನ್ನೊಂದು ವರ್ಷ ಆಗಿತ್ತು.

"ನೋಡಿ, ಕೊನೆಗೂ ನ್ಯಾಯ ಸಿಕ್ತಲ್ಲ" ಅಂತ ಸಮಾಧಾನ ಮಾಡ್ಕೋಬೇಡಿ. ಆ ಮಗುವಿನ ತಂದೆ ತಾಯಿಗೆ ಏನು ಸಿಕ್ತು? ಹದಿಮೂರು ದಿನದಲ್ಲಿ ನ್ಯಾಯ ಆಯ್ತು ಅಂತ ಅವರಿಗೆ ಹೇಳಿದ್ವಿ. ಹನ್ನೊಂದು ವರ್ಷದ ಮೇಲೆ, ಅದು ಅವನಲ್ಲ ಅಂದ್ವಿ. ಹಾಗಾದ್ರೆ ಯಾರು? ಹನ್ನೊಂದು ವರ್ಷ ಹಳೇ ಜಾಡನ್ನ ಈಗ ಯಾರು ಹಿಡೀತಾರೆ? ಮೊದಲ ತಿಂಗಳಲ್ಲೇ ಒಬ್ಬ ಸಮರ್ಥ ವಕೀಲ ಆ ವರದಿ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದ್ದಿದ್ರೆ, ಪೊಲೀಸರು ಇನ್ನೊಂದು ದಿಕ್ಕಿನಲ್ಲಿ ನೋಡೋಕೆ ಟೈಮ್ ಇರ್ತಿತ್ತು. ಪಾಟೀಸವಾಲು ಇಲ್ಲದ ತೀರ್ಪಿನಿಂದ ಮೊದಲು ಮೋಸ ಹೋಗೋರು ಸಂತ್ರಸ್ತರು. ತಪ್ಪು ಮನುಷ್ಯ ಒಳಗಿದ್ದಾನೆ ಅಂದ್ರೆ ಸರಿಯಾದವನು ಹೊರಗಿದ್ದಾನೆ ಅಂತ ಅರ್ಥ. ಇದಕ್ಕೆ ಬಿಇ ಕೂಡ ಬೇಕಾಗಿಲ್ಲ.

ಇನ್ನೊಂದು ಕೇಸ್, ಇನ್ನೂ ಕಷ್ಟದ್ದು. ಯಾಕಂದ್ರೆ ಇದರಲ್ಲಿ ಆರೋಪಿ ಪಾಕಿಸ್ತಾನದ ಪ್ರಜೆ. 1997ರ ಡಿಸೆಂಬರ್ 30ರ ಸಂಜೆ ದಿಲ್ಲಿಯಲ್ಲಿ ಒಂದು ಬಸ್ಸಿನೊಳಗೆ ಬಾಂಬ್ ಸ್ಫೋಟ. ನಾಲ್ಕು ಜನ ಸತ್ತರು, 24 ಜನಕ್ಕೆ ಗಾಯ. ಈಗ ಗ್ರೂಪಿಗೆ ಬಂದು ಹೇಳಿ, "ಇವನಿಗೂ ಲಾಯರ್ ಬೇಕು" ಅಂತ. ನಿಮ್ಮನ್ನ ಅಡ್ಮಿನ್ ತೆಗೆದು ಹಾಕ್ತಾನೆ.

ಆ ಕಾಲದಲ್ಲಿ ವಾಟ್ಸಾಪ್ ಇರಲಿಲ್ಲ, ಆದರೂ ಕೋರ್ಟಲ್ಲಿ ಆಗಿದ್ದು ಹೆಚ್ಚುಕಮ್ಮಿ ಅದೇ. ಪ್ರಾಸಿಕ್ಯೂಷನ್ ಕಡೆಯಿಂದ 65 ಸಾಕ್ಷಿ. ಅದರಲ್ಲಿ 56 ಜನರ ಸಾಕ್ಷ್ಯವನ್ನ ಆರೋಪಿ ಪರ ವಕೀಲರೇ ಇಲ್ಲದೆ ಬರೆದುಕೊಂಡರು. ಪ್ರತ್ಯಕ್ಷದರ್ಶಿಗಳು, ತನಿಖಾಧಿಕಾರಿ ಎಲ್ಲ ಅದರಲ್ಲೇ ಬಂದು ಹೋದರು. ಅಂದ್ರೆ ಅವರು ಹೇಳಿದ್ದೇ ಹೇಳಿದ್ದು. ಆ ಮೇಲೆ ಗಲ್ಲು. 2006ರಲ್ಲಿ ಹೈಕೋರ್ಟೂ ಒಪ್ಪಿತು. 2012ರ ಜನವರಿಯಲ್ಲಿ ಇದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಬಂತು. ಒಬ್ಬರು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟಿದ, ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯೂ ಆದ ಎಚ್.ಎಲ್. ದತ್ತು. ವಕೀಲರಿಲ್ಲದ ಈ ವಿಚಾರಣೆ ನಿಲ್ಲೋದಿಲ್ಲ ಅಂತ ಇಬ್ಬರೂ ಒಪ್ಪಿದರು. ಮುಂದೇನು, ಬಿಡಬೇಕೋ ಹೊಸದಾಗಿ ವಿಚಾರಣೆ ಮಾಡಬೇಕೋ ಅನ್ನೋದರಲ್ಲಿ ಅಭಿಪ್ರಾಯ ಬೇರೆ ಆಯ್ತು. ಆಗಸ್ಟಿನಲ್ಲಿ ಮೂವರ ಪೀಠ, ಅಪರಾಧ ಅಷ್ಟು ಗಂಭೀರವಾದ್ದರಿಂದ ಹೊಸದಾಗಿ ವಿಚಾರಣೆ ಮಾಡಿ ಅಂತ ಆದೇಶ ಮಾಡ್ತು. ಮಾಡಿದರು. ಈ ಸಲ ಸಾಕ್ಷಿಗಳಿಗೆ ಪ್ರಶ್ನೆ ಕೇಳೋರು ಇದ್ದರು. 2013ರ ಜನವರಿಯಲ್ಲಿ ದಿಲ್ಲಿ ಕೋರ್ಟ್ ಅವನನ್ನ ಖುಲಾಸೆ ಮಾಡ್ತು.

ಅದೇ ಬಾಂಬ್, ಅದೇ ಬಸ್, ಅದೇ ಆರೋಪಿ. ಪ್ರಶ್ನೆ ಕೇಳೋರು ಇಲ್ಲದಾಗ ಗಲ್ಲು, ಇದ್ದಾಗ ಬಿಡುಗಡೆ. ಯಾವ ತೀರ್ಪನ್ನ ನಂಬ್ತೀರಿ? ಅವನು ಪಾಕಿಸ್ತಾನದವನು, ಅದಕ್ಕೇ ಮೊದಲನೇದನ್ನ ನಂಬ್ತೀನಿ ಅಂದ್ರೆ, ನಿಮಗೆ ಬಸ್ಸಿನಲ್ಲಿ ಸತ್ತ ಆ ನಾಲ್ಕು ಜನರ ಬಗ್ಗೆ ಏನೂ ಅನ್ನಿಸ್ತಿಲ್ಲ ಅಂತ ಅರ್ಥ. ಬಾಂಬ್ ಇಟ್ಟವನು ಯಾರು ಅನ್ನೋದು ನಿಮಗೆ ಬೇಡ, ಯಾರಾದ್ರೂ ಒಬ್ಬ ಸಿಕ್ಕರೆ ಸಾಕು.

ನಾನು ಹಳ್ಳಿಯಿಂದ ಬಂದವನು, ಇದನ್ನ ಕೋರ್ಟು ಕಚೇರಿ ಇಲ್ಲದ ರೂಪದಲ್ಲೂ ನೋಡಿದೀನಿ. ನಮ್ಮದು ತೆಂಗಿನ ಸೀಮೆ. ನಾನು ಹೈಸ್ಕೂಲಲ್ಲಿದ್ದಾಗ ಊರಿನ ಒಬ್ಬ ದೊಡ್ಡ ಹಿಡುವಳಿದಾರರ ಅಟ್ಟದಿಂದ ಎರಡು ಚೀಲ ಉಂಡೆ ಕೊಬ್ಬರಿ ಕಳುವಾಯ್ತು. ಅವರ ತೋಟದಲ್ಲೇ ಕೂಲಿ ಮಾಡ್ತಿದ್ದವನ ಮೇಲೆ ಅನುಮಾನ. ಅರಳೀಕಟ್ಟೆ ಮೇಲೆ ನ್ಯಾಯ ಸೇರಿತು. ಇಬ್ಬರು ಎದ್ದು "ರಾತ್ರಿ ಚೀಲ ಹೊತ್ಕೊಂಡು ಹೋಗ್ತಿದ್ದಿದ್ದು ನೋಡ್ದೋ" ಅಂದರು. ಇಬ್ಬರೂ ಆ ಹಿಡುವಳಿದಾರರಿಗೆ ಸಾಲಗಾರರು ಅನ್ನೋದು ಊರಿಗೆಲ್ಲ ಗೊತ್ತು. "ಎಷ್ಟೊತ್ನಾಗ್ರಪ್ಪ? ಎಲ್ಲಿ ನಿಂತಿದ್ರಿ? ಮುಖ ಕಂಡಿತ್ತಾ?" ಅಂತ ಒಬ್ಬರೂ ಕೇಳಲಿಲ್ಲ. ಕೇಳೋ ಹಕ್ಕಿದ್ದವನು ಕೈಕಟ್ಟಿ ಚಪ್ಪಲಿ ಬಿಟ್ಟು ಕೆಳಗೆ ನಿಂತಿದ್ದ. "ನಾನಲ್ಲ ಬುದ್ಧೀ" ಅನ್ನೋದು ಬಿಟ್ಟು ಅವನಿಗೆ ಮಾತಾಡೋಕೆ ಅವಕಾಶವೇ ಇರಲಿಲ್ಲ. ದಂಡ ಹಾಕಿದರು, ಅವನ ಎರಡು ಮೇಕೆ ಮಾರಿಸಿದರು. ಆ ಮಳೆಗಾಲದಲ್ಲೇ ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಊರು ಬಿಟ್ಟ.

ಅವನು ಕದ್ದಿದ್ನಾ? ನನಗೆ ಇವತ್ತಿಗೂ ಗೊತ್ತಿಲ್ಲ. ಕದ್ದಿರಲೂಬಹುದು. ಊರಿಗೂ ಗೊತ್ತಿಲ್ಲ. ಸಾಕ್ಷಿ ಇತ್ತು, ತೀರ್ಪು ಇತ್ತು, ಶಿಕ್ಷೆಯೂ ಆಯ್ತು. ಕೊಬ್ಬರಿ ಯಾರು ತಗೊಂಡ್ರು ಅನ್ನೋದು ಮಾತ್ರ ಗೊತ್ತಾಗಲಿಲ್ಲ. "ಹಳ್ಳೀಲಿ ನ್ಯಾಯ ತಕ್ಷಣ ಸಿಗ್ತಿತ್ತು, ಈ ಕೋರ್ಟುಗಳೇ ಹಾಳು" ಅಂತ ಹಳ್ಳಿಯಲ್ಲಿ ಒಂದು ದಿನವೂ ಇರದ ಗೆಳೆಯರು ಹೇಳುವಾಗ ನನಗೆ ಆ ಮೇಕೆಗಳು ನೆನಪಾಗ್ತವೆ. ಎದುರು ಪ್ರಶ್ನೆ ಕೇಳೋ ಧೈರ್ಯ ದುಡ್ಡಿರೋನಿಗೆ, ಜಾತಿಬಲ ಇರೋನಿಗೆ ಹುಟ್ಟಿನಿಂದಲೇ ಬಂದಿರುತ್ತೆ. ಅದು ಇಲ್ಲದವನಿಗೆ ಕಾನೂನು ಬರೆದು ಕೊಡಬೇಕಾಗುತ್ತೆ. ಹಾಗೆ ಬರೆದು ಕೊಟ್ಟಿದ್ದನ್ನೇ ನೀವು ದಂಡ ಅಂತಿರೋದು.

ಈಗ ವಿರೋಧದ ಮಾತುಗಳಿಗೆ ಬರೋಣ. ಎರಡು ಗಟ್ಟಿಯಾದವು ಇವೆ, ಅವನ್ನ ತಪ್ಪಿಸ್ಕೊಂಡು ಹೋಗಲ್ಲ.

ಮೊದಲನೇದು: "ಅತ್ಯಾಚಾರದ ಕೇಸಲ್ಲಿ ಆ ಹೆಣ್ಣುಮಗಳನ್ನ ಕಟಕಟೆಯಲ್ಲಿ ನಿಲ್ಲಿಸಿ ಅಸಹ್ಯ ಪ್ರಶ್ನೆ ಕೇಳ್ತಾರಲ್ಲ, ಅದೂ ನಿಮ್ಮ ಪಾಟೀಸವಾಲೇ ತಾನೇ?" ಹೌದು, ಅದೂ ಅದೇ ಹೆಸರಲ್ಲಿ ನಡೆದಿದ್ದು. ನಮ್ಮ ಕೋರ್ಟುಗಳ ಇತಿಹಾಸದ ದೊಡ್ಡ ಕಳಂಕ ಅದು. ಸಂತ್ರಸ್ತೆಯ ನಡತೆ ಕೆಟ್ಟದ್ದು ಅಂತ ತೋರಿಸೋಕೆ ಅವಕಾಶ ಕೊಡ್ತಿದ್ದ ಸಾಲು ಸಾಕ್ಷ್ಯ ಕಾಯ್ದೆಯಿಂದ ಹೋಗೋಕೆ 2003 ಆಗಬೇಕಾಯ್ತು. ಆದರೆ ಅದಕ್ಕೆ ಕಂಡುಕೊಂಡ ಮದ್ದು ಏನು ಅಂತ ನೋಡಿ. 1996ರ ಗುರ್ಮಿತ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್, ಇಂಥ ಪ್ರಶ್ನೆ ಕೇಳುವಾಗ ಜಡ್ಜ್ ಮೂಕಪ್ರೇಕ್ಷಕನಾಗಿ ಕೂರಬಾರದು ಅಂತ ಹೇಳ್ತು. 2004ರ ಸಾಕ್ಷಿ ಕೇಸಲ್ಲಿ, ಸಂತ್ರಸ್ತರಿಗೆ ಆರೋಪಿಯ ಮುಖ ಕಾಣದಂತೆ ಪರದೆ ಹಾಕಬಹುದು, ಪ್ರಶ್ನೆಗಳನ್ನ ಬರೆದು ಜಡ್ಜ್ ಕೈಗೆ ಕೊಟ್ಟು ಅವರ ಮೂಲಕ ಕೇಳಿಸಬಹುದು ಅಂತು. 2012ರ ಪೋಕ್ಸೊ ಕಾಯ್ದೆಯಲ್ಲಿ ವಕೀಲರು ಮಗುವಿಗೆ ನೇರ ಪ್ರಶ್ನೆ ಕೇಳೋ ಹಾಗೇ ಇಲ್ಲ, ವಿಶೇಷ ನ್ಯಾಯಾಲಯದ ಮೂಲಕವೇ ಕೇಳಬೇಕು. 2013ರ ತಿದ್ದುಪಡಿ ಆದಮೇಲೆ, ಆಕೆ ಒಪ್ಪಿದ್ದಳೋ ಇಲ್ಲವೋ ಅಂತ ಸಾಧಿಸೋಕೆ ಆಕೆಯ ಹಳೇ ಸಂಬಂಧಗಳ ವಿಷಯ ಎತ್ತೋ ಹಾಗಿಲ್ಲ.

ಗಮನಿಸಿ, ಇದರಲ್ಲಿ ಎಲ್ಲೂ ಪ್ರಶ್ನೆ ಕೇಳೋದನ್ನೇ ತೆಗೆದು ಹಾಕಲಿಲ್ಲ. ಅವಮಾನ ಮಾಡೋ ಪ್ರಶ್ನೆಯನ್ನ ತೆಗೆದರು, ಸತ್ಯ ತಿಳಿಯೋಕೆ ಬೇಕಾದ ಪ್ರಶ್ನೆಯನ್ನ ಉಳಿಸಿಕೊಂಡರು. ಈ ನಿಯಮಗಳು ಇವೆ, ಬಹಳ ಕಡೆ ಪಾಲನೆ ಆಗ್ತಿಲ್ಲ. ಅದಕ್ಕೆ ಸಿಟ್ಟು ಮಾಡ್ಕೊಳ್ಳಿ, ನಾನೂ ಜೊತೆಗೆ ಬರ್ತೀನಿ.

ಎರಡನೇದು: "ಪಾಟೀಸವಾಲಿನ ನೆಪದಲ್ಲಿ ವಾಯ್ದೆ ಮೇಲೆ ವಾಯ್ದೆ ತಗೋತಾರೆ. ಅಷ್ಟರಲ್ಲಿ ಸಾಕ್ಷಿಯನ್ನ ಹೆದರಿಸ್ತಾರೆ, ಕೊಂಡ್ಕೋತಾರೆ." ಇದೂ ನಿಜ. ಪಂಜಾಬಿನ ಒಂದು ಲಂಚದ ಕೇಸಲ್ಲಿ ಒಬ್ಬ ಸಾಕ್ಷಿಯ ಮುಖ್ಯ ವಿಚಾರಣೆ ಆಗಿ ಸುಮಾರು 20 ತಿಂಗಳ ಮೇಲೆ ಪಾಟೀಸವಾಲು ಆಯ್ತು. ಅಷ್ಟರಲ್ಲಿ ಆ ಸಾಕ್ಷಿ ಉಲ್ಟಾ ಹೊಡೆದಾಗಿತ್ತು. 2015ರ ವಿನೋದ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಕಟುವಾಗಿ ಬರೆದಿದೆ. ವಿಚಾರಣೆ ಶುರುವಾದ ಮೇಲೆ ದಿನದಿಂದ ದಿನಕ್ಕೆ ನಡೀಬೇಕು ಅನ್ನೋದು ಕಾನೂನಲ್ಲೇ ಇದೆ. ಸಾಕ್ಷಿಗಳಿಗೆ ರಕ್ಷಣೆ ಕೊಡೋ ಯೋಜನೆಗೆ 2018ರಲ್ಲೇ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿದೆ. ಹೀಗಾಗಿ ಕೇಳಬೇಕಾದ್ದು ಏನು? ಅವತ್ತೇ ಮುಖ್ಯ ವಿಚಾರಣೆ, ಅವತ್ತೇ ಅಥವಾ ಮಾರನೇ ದಿನ ಪಾಟೀಸವಾಲು. ಅದಕ್ಕೆ ಬೇಕಾದಷ್ಟು ಜಡ್ಜ್‌ಗಳು, ಬೇಕಾದಷ್ಟು ಕೋರ್ಟ್ ಹಾಲ್‌ಗಳು. ಪರೀಕ್ಷೆ ತಡ ಆಗ್ತಿದೆ ಅಂತ ಪರೀಕ್ಷೆಯನ್ನೇ ರದ್ದು ಮಾಡಿ ಎಲ್ಲರಿಗೂ ಡಿಗ್ರಿ ಕೊಡಿ ಅಂತ ಯಾರೂ ಕೇಳಲ್ಲ.

ಇನ್ನು ಗುಂಡಿನ ಎಮೋಜಿ ಕಳಿಸೋರ ವಿಷಯ. 2019ರ ಡಿಸೆಂಬರ್ 6ರ ಬೆಳಗಿನ ಜಾವ. ಹೈದರಾಬಾದಿನ ಪಶುವೈದ್ಯೆಯ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವು ಹಾಕಿದರು. ಬೆಂಗಳೂರಿನ ಟೆಕ್ ಪಾರ್ಕುಗಳ ಕ್ಯಾಂಟೀನಿನಲ್ಲೂ ಅವತ್ತು ಹಬ್ಬದ ಕಳೆ. ಪಿಸ್ತೂಲು ಕಿತ್ಕೊಂಡು ನಮ್ಮ ಮೇಲೆ ಗುಂಡು ಹಾರಿಸಿದರು, ಅದಕ್ಕೇ ಹೊಡೆದ್ವಿ ಅನ್ನೋದು ಪೊಲೀಸರ ಕಥೆ. ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಸಿರ್ಪುರ್ಕರ್ ನೇತೃತ್ವದಲ್ಲಿ ಆಯೋಗ ಮಾಡ್ತು. ಆ ಆಯೋಗ ಪೊಲೀಸರನ್ನ ಒಬ್ಬೊಬ್ಬರನ್ನಾಗಿ ಕರೆಸಿ ಪ್ರಶ್ನೆ ಕೇಳ್ತು. 2022ರಲ್ಲಿ ಹೊರಬಂದ ವರದಿ ಹೇಳಿದ್ದು ಇಷ್ಟು: ಪೊಲೀಸರ ಕಥೆ ನಂಬೋ ಹಾಗಿಲ್ಲ, ಸಾಯಿಸೋ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರು.

ಇಡೀ ಪ್ರಕರಣದಲ್ಲಿ ಯಾರಿಗಾದ್ರೂ ಎದುರು ಪ್ರಶ್ನೆ ಹಾಕಿದ್ದರೆ ಅದು ಆ ಪೊಲೀಸರಿಗೆ ಮಾತ್ರ, ಅಷ್ಟಕ್ಕೇ ಅವರ ಕಥೆ ಕುಸೀತು. ಮುಖ್ಯ ಕೇಸಿನ ಸಾಕ್ಷಿಗಳಿಗೆ ಯಾರೂ ಪ್ರಶ್ನೆ ಕೇಳಲೇ ಇಲ್ಲ, ಇನ್ನು ಕೇಳೋಕೂ ಆಗಲ್ಲ. ಆ ಹೆಣ್ಣುಮಗಳಿಗೆ ಆಗಿದ್ದು ಏನು, ಯಾರ ಪಾಲು ಎಷ್ಟು ಅನ್ನೋದು ಯಾವ ಕೋರ್ಟಲ್ಲೂ ಸಾಬೀತಾಗಿಲ್ಲ, ಆಗೋದೂ ಇಲ್ಲ. ಒಂದು ಮಾತು ಸೇರಿಸ್ತೀನಿ: ಆಯೋಗದ ವರದಿ ಕ್ರಿಮಿನಲ್ ತೀರ್ಪಲ್ಲ. ಆ ಪೊಲೀಸರ ಮೇಲೆ ಕೇಸು ನಡೆದರೆ ಅವರಿಗೂ ವಕೀಲರು ಬೇಕು, ಪ್ರತಿ ಸಾಕ್ಷಿಯನ್ನ ಪಾಟೀಸವಾಲು ಮಾಡೋ ಹಕ್ಕು ಬೇಕು. ಆ ನಾಲ್ವರಿಗೆ ಬೇಕಿತ್ತು ಅನ್ನೋ ನನ್ನ ಬಾಯಲ್ಲಿ ಇವರಿಗೆ ಬೇಡ ಅನ್ನೋ ಮಾತು ಬರಬಾರದು.

ಕೊನೆಗೆ ನಮ್ಮ ಕಸುಬಿನ ಮಾತು. ಇಂದಿನ ಕೇಸುಗಳಲ್ಲಿ ದೊಡ್ಡ ಸಾಕ್ಷಿ ಮನುಷ್ಯ ಅಲ್ಲ. ಮೊಬೈಲ್ ಟವರ್ ದಾಖಲೆ, ಸಿಸಿಟಿವಿ, ಮುಖ ಗುರುತಿಸೋ ಸಾಫ್ಟ್‌ವೇರ್. "ಕಂಪ್ಯೂಟರ್ ಸುಳ್ಳು ಹೇಳಲ್ಲ" ಅಂತ ನಮ್ಮಪ್ಪ ಹೇಳಿದ್ರೆ ಒಪ್ತೀನಿ. ನಾವೇ ಹೇಳಿದ್ರೆ ನಗು ಬರುತ್ತೆ. ಬ್ರಿಟನ್ನಿನ ಅಂಚೆ ಇಲಾಖೆ 1999ರಿಂದ ಫ್ಯುಜಿತ್ಸುವಿನ ಹೊರೈಜನ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಳಸ್ತು. ಅದರಲ್ಲಿ ಬಗ್ ಇತ್ತು. ಹಣ ಕಮ್ಮಿ ಅಂತ ತೋರಿಸ್ತಿತ್ತು. ಅಂಚೆಕಚೇರಿ ನಡೆಸ್ತಿದ್ದವರನ್ನ ಕಳ್ಳರು ಅಂತ ಕೋರ್ಟಿಗೆ ಎಳೆದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಯ್ತು. ಗರ್ಭಿಣಿಯೊಬ್ಬರು ಜೈಲಿಗೆ ಹೋದರು. ಬೇರೆ ಪುರಾವೆ ಇಲ್ಲದಿದ್ರೆ ಕಂಪ್ಯೂಟರ್ ಸರಿಯಾಗೇ ಕೆಲಸ ಮಾಡ್ತಿದೆ ಅಂತ ಅಲ್ಲಿನ ಕೋರ್ಟುಗಳು ಭಾವಿಸಬೇಕಿತ್ತು. ಆ ಬೇರೆ ಪುರಾವೆ, ಅಂದ್ರೆ ಬಗ್‌ಗಳ ದಾಖಲೆ, ಕಂಪನಿಯ ಒಳಗಿತ್ತು. ಆರೋಪಿಗಳ ಕೈಗೆ ಸಿಗಲಿಲ್ಲ. 2019ರಲ್ಲಿ ಹೈಕೋರ್ಟ್ ಸಾಫ್ಟ್‌ವೇರ್ ದೋಷಗಳನ್ನ ಒಂದೊಂದಾಗಿ ಬರೆದಿಟ್ಟಿತು, 2021ರಲ್ಲಿ ಒಂದೇ ದಿನ 39 ಜನರ ಶಿಕ್ಷೆ ರದ್ದಾಯ್ತು, 2024ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ ಉಳಿದವರ ಶಿಕ್ಷೆಗಳನ್ನ ಅಳಿಸಬೇಕಾಯ್ತು. ಪಾಟೀಸವಾಲಿಗೆ ಸಿಗದ ಆ ಸಾಕ್ಷಿ ಒಂದು ಸಾಫ್ಟ್‌ವೇರ್.

ನಮ್ಮ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಹ್ಯಾಶ್ ಬರೆದ ಪ್ರಮಾಣಪತ್ರ ಕೊಡಬೇಕು. ಒಳ್ಳೇದು. ಆದರೆ ಹ್ಯಾಶ್ ಏನು ಹೇಳುತ್ತೆ ಅಂತ ನಮಗೆ ಗೊತ್ತು: ಹ್ಯಾಶ್ ತೆಗೆದ ಮೇಲೆ ಫೈಲ್ ಬದಲಾಗಿಲ್ಲ ಅಂತ, ಅಷ್ಟೇ. ಫೈಲಿನಲ್ಲಿ ಇರೋದು ಸರಿ ಅಂತ ಅಲ್ಲ. ತಪ್ಪು ಲೆಕ್ಕಕ್ಕೂ ಹ್ಯಾಶ್ ಚೆನ್ನಾಗೇ ಹೊಂದುತ್ತೆ. ಇದನ್ನ ಕೋರ್ಟಲ್ಲಿ ಯಾರು ಕೇಳಬೇಕು? ಜಿಲ್ಲಾ ಕೋರ್ಟಿನ ಒಬ್ಬ ಕಾನೂನು ನೆರವಿನ ವಕೀಲರಿಗೆ ಇದನ್ನ ಹೇಳಿಕೊಡೋರು ಯಾರು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಲಕ್ಷಾಂತರ ಜನ ಬೆಂಗಳೂರಿನಲ್ಲೇ ಇದ್ದೀವಿ. ಎಮೋಜಿ ಕಳಿಸ್ತಾ ಕೂತಿದ್ದೀವಿ.

2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸಾಯ್ತು. ಅವರ ಪರ ಯಾರೂ ವಕಾಲತ್ತು ಹಾಕಬಾರದು ಅಂತ ಅಲ್ಲಿನ ವಕೀಲರ ಸಂಘವೇ ನಿರ್ಣಯ ಮಾಡ್ತು. ಇಂಥ ನಿರ್ಣಯಗಳಿಗೆ ಬೆಲೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಕರ್ನಾಟಕ ಹೈಕೋರ್ಟ್ ಮಧ್ಯೆ ಬಂದು ಬೈಯಬೇಕಾಯ್ತು. ಬೆಂಗಳೂರಿಂದ ಹೋದ ವಕೀಲರು ಜಾಮೀನು ಅರ್ಜಿ ಹಾಕೋಕೆ ಪೊಲೀಸ್ ರಕ್ಷಣೆಯಲ್ಲಿ ಕೋರ್ಟಿನೊಳಗೆ ಹೋಗಬೇಕಾಯ್ತು. ಆ ಹುಡುಗರು ಮಾಡಿದ್ದು ಸರಿಯೋ ತಪ್ಪೋ ಅನ್ನೋದು ನನ್ನ ವಿಷಯ ಅಲ್ಲ. ಆದರೆ ಆ ನಿರ್ಣಯ ಉಳಿದಿದ್ದರೆ ಅದನ್ನ ತೀರ್ಮಾನ ಮಾಡೋಕೆ ದಾರಿಯೇ ಇರ್ತಿರಲಿಲ್ಲ.

ಮುಂದಿನ ಸಲ ಗ್ರೂಪಲ್ಲಿ "ಇಂಥವನಿಗೂ ಲಾಯರ್ ಬೇಕಾ" ಅಂತ ಬಂದಾಗ ಸುಮ್ಮನಿರಬೇಡಿ. ಬೇಕು, ಒಳ್ಳೇ ಲಾಯರೇ ಬೇಕು, ಕೇಸಿನ ಕಾಗದ ಓದೋಕೆ ಟೈಮೂ ಬೇಕು ಅಂತ ಬರೀರಿ. ಖಂಡ್ವಾದ ಹದಿಮೂರು ದಿನದ ಕಥೆ ಹಾಕಿ. ನಾಲ್ಕು ಜನ ಬೈತಾರೆ, ಬೈಸ್ಕೊಳ್ಳಿ. ನಿಮ್ಮ ಊರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಮ್ಮೆ ಹೋಗಿ, ಡಿಜಿಟಲ್ ಸಾಕ್ಷ್ಯ ಅರ್ಥ ಮಾಡಿಸೋಕೆ ಒಬ್ಬ ಎಂಜಿನಿಯರ್ ಬೇಕಾ ಅಂತ ಕೇಳಿ. ವೀಕೆಂಡಲ್ಲಿ ಎರಡು ಗಂಟೆ ಸಾಕು.

ಆಮೇಲೂ ಯಾರಾದ್ರೂ "ಸಾಕ್ಷಿ ಇದೆಯಲ್ಲ, ಇನ್ನೇನು" ಅಂದ್ರೆ, ಮೊದಲು ಅವರನ್ನೇ ಕೇಳಿ: "ಆ ಸಾಕ್ಷಿ ಎಲ್ಲಿ ನಿಂತಿದ್ದ? ಎಷ್ಟೊತ್ತಿಗೆ? ಮುಖ ಕಂಡಿತ್ತಾ?" ಉತ್ತರ ಗೊತ್ತಿಲ್ಲ ಅಂದ್ರೆ, ಅದನ್ನ ಕೇಳೋಕೆ ಒಬ್ಬರು ಕೋರ್ಟಲ್ಲಿ ಎದ್ದು ನಿಲ್ಲಲಿ ಬಿಡಿ.